ಪಾಠಶಾಲೆಯೋ ಪಾಳೆಯವೋ

ನನ್ನ ತಂಗಿಯ ಮಗ ಪರದೇಶಕ್ಕೆ ಹೊರಡುವಾಗ ಎರಡು ರಟ್ಟಿನ ಪೆಟ್ಟಿಗೆಗಳನ್ನು ನಮ್ಮ ಮನೆಯ ಅಟ್ಟದಲ್ಲಿ ಇಟ್ಟು ಹೋಗಿದ್ದ. ‘ಮಾವ, ಗೆದ್ದಲು ಹತ್ತದ ಹಾಗೆ ನೋಡ್ಕೊಳ್ಳಿ’ ಎಂದಷ್ಟೇ ಹೇಳಿದ್ದ. ನಾನು ನಿವೃತ್ತನಾದ ಮರುವರ್ಷದ ಮಳೆಗಾಲದಲ್ಲಿ, ಗೆದ್ದಲು ನೋಡುವ ನೆವದಿಂದ ಆ ಪೆಟ್ಟಿಗೆಗಳನ್ನು ಬಿಚ್ಚಿದೆ. ಒಳಗಿದ್ದವು ಇಂಗ್ಲಿಷಿನ ಕಾಮಿಕ್ಸ್ ಪುಸ್ತಕಗಳು. ಮೈಗಂಟಿದ ಬಣ್ಣದ ಉಡುಪು ತೊಟ್ಟ ಹುಡುಗ ಹುಡುಗಿಯರು ಪುಟಪುಟದಲ್ಲೂ ಗೋಡೆ ಕೆಡವುತ್ತಿದ್ದರು, ಆಕಾಶಕ್ಕೆ ನೆಗೆಯುತ್ತಿದ್ದರು. ಮೂವತ್ತು ವರ್ಷ ಹೈಸ್ಕೂಲು ಮೇಷ್ಟ್ರಾಗಿದ್ದವನು ನಾನು. ಪಾಠದ ನಡುವೆ ಇಂಥವನ್ನು ಓದುತ್ತಿದ್ದ ಹುಡುಗರ ಕೈಯಿಂದ ಕಿತ್ತುಕೊಂಡು ಬೀರುವಿಗೆ ಬೀಗ ಹಾಕಿದವನು. ಇವನ್ನೂ ಹಾಗೆಯೇ ಮುಚ್ಚಿಡುತ್ತಿದ್ದೆನೋ ಏನೋ. ಆದರೆ ಈ ಮಕ್ಕಳೆಲ್ಲ ಒಂದು ಶಾಲೆಯವರು ಎಂದು ತಿಳಿದ ಮೇಲೆ ಪುಸ್ತಕ ಕೆಳಗಿಡಲಾಗಲಿಲ್ಲ. ಶಾಲೆ ಅಂದರೆ ಮೇಷ್ಟ್ರ ಕಿವಿ ನೆಟ್ಟಗಾಗುತ್ತದೆ. ಅಲ್ಲಿ ಏನು ಕಲಿಸುತ್ತಾರೆ, ಯಾರು ಕಲಿಸುತ್ತಾರೆ, ಕಲಿತ ಮಕ್ಕಳು ಏನಾಗುತ್ತಾರೆ ಎಂದು ನೋಡದೆ ಇರಲು ಆಗುವುದಿಲ್ಲ. ಆ ಮಳೆಗಾಲವೆಲ್ಲ ಓದಿದೆ. ಆಮೇಲಿನ ಪುಸ್ತಕಗಳನ್ನು ಸೋದರಳಿಯನೇ ಕಳಿಸಿಕೊಟ್ಟ. ಓದಿ ಮುಗಿಸಿದ ಮೇಲೂ ಮನಸ್ಸಿನಲ್ಲಿ ಉಳಿದುಬಿಟ್ಟ ಒಂದು ಪ್ರಶ್ನೆಯನ್ನು ಇಲ್ಲಿ ಬಿಡಿಸಿ ನೋಡಲು ಯತ್ನಿಸಿದ್ದೇನೆ.

‘ಎಕ್ಸ್-ಮೆನ್’ ಎಂಬ ಈ ಕಥಾಮಾಲೆ ಅಮೆರಿಕದಲ್ಲಿ ಶುರುವಾದದ್ದು 1963ರಲ್ಲಿ. ಬರೆದವರು ಸ್ಟ್ಯಾನ್ ಲೀ, ಚಿತ್ರಿಸಿದವರು ಜ್ಯಾಕ್ ಕರ್ಬಿ, ಹೊರತಂದದ್ದು ಮಾರ್ವೆಲ್ ಸಂಸ್ಥೆ. ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಚೆಸ್ಟರ್ ಎಂಬಲ್ಲಿ ಒಂದು ದೊಡ್ಡ ಬಂಗಲೆ. ಊರವರ ಕಣ್ಣಿಗೆ ಅದು ಪ್ರತಿಭಾವಂತ ಮಕ್ಕಳ ಖಾಸಗಿ ವಸತಿಶಾಲೆ. ಅದರ ಒಡೆಯ ಪ್ರೊಫೆಸರ್ ಚಾರ್ಲ್ಸ್ ಝೇವಿಯರ್. ಗಾಲಿಕುರ್ಚಿಯಲ್ಲಿ ಕೂತೇ ಬೇರೆಯವರ ಮನಸ್ಸನ್ನು ಓದಬಲ್ಲವನು. ಮೊದಲ ಸಂಚಿಕೆಯಲ್ಲಿ ಇರುವುದು ಐವರೇ ವಿದ್ಯಾರ್ಥಿಗಳು. ಸ್ಕಾಟ್ ಸಮರ್ಸ್ ಎಂಬ ಅನಾಥ ಹುಡುಗನ ಕಣ್ಣಿನಿಂದ ಬೆಟ್ಟ ಸೀಳುವ ಕಿರಣ ಹೊರಡುತ್ತದೆ. ತಡೆಯುವುದು ಅವನ ಕೈಲಿಲ್ಲ, ಆದ್ದರಿಂದ ಸದಾ ಕೆಂಪು ಸ್ಫಟಿಕದ ಕನ್ನಡಕ. ವಾರೆನ್ ಎಂಬ ಸಿರಿವಂತರ ಮಗನಿಗೆ ಬೆನ್ನಲ್ಲಿ ರೆಕ್ಕೆ. ಹೊರಗೆ ಹೋಗುವಾಗ ಅವನ್ನು ಪಟ್ಟಿಯಿಂದ ಬಿಗಿದು ಕೋಟಿನೊಳಗೆ ಅಡಗಿಸಬೇಕು. ಹ್ಯಾಂಕ್ ಮೆಕಾಯ್‌ಗೆ ಕಪಿಯ ಹಾಗೆ ದೊಡ್ಡ ಕೈಕಾಲು, ತಲೆಯ ತುಂಬ ಪುಸ್ತಕ. ಬಾಬಿ ಡ್ರೇಕ್ ಎಲ್ಲರಿಗಿಂತ ಕಿರಿಯ, ಮಂಜುಗಡ್ಡೆಯ ಹುಡುಗ. ಮುಟ್ಟದೆಯೇ ವಸ್ತುಗಳನ್ನು ಎತ್ತಬಲ್ಲ ಜೀನ್ ಗ್ರೇ ಹೊಸದಾಗಿ ಸೇರಲು ಬರುತ್ತಾಳೆ. ಬಂದ ಹುಡುಗಿ ಪೆಟ್ಟಿಗೆ ಬಿಚ್ಚಿ ಉಸಿರು ಬಿಡುವುದರೊಳಗೆ, ಅದೇ ಸಂಚಿಕೆಯಲ್ಲಿ, ಮ್ಯಾಗ್ನೀಟೊ ಎಂಬ ವೈರಿಯ ವಿರುದ್ಧ ಕಾಳಗಕ್ಕೆ ಹೊರಟಾಗಿರುತ್ತದೆ!

ನಾನು ಮೇಷ್ಟ್ರ ಕಣ್ಣಿನಿಂದ ಹುಡುಕಿದ್ದು ಈ ಶಾಲೆಯ ವೇಳಾಪಟ್ಟಿಯನ್ನು. ಗಣಿತವೆಲ್ಲಿ, ಚರಿತ್ರೆಯೆಲ್ಲಿ? ಪುಸ್ತಕ ಹಿಡಿದ ಮಕ್ಕಳು ಅಲ್ಲೊಂದು ಇಲ್ಲೊಂದು ಚೌಕದಲ್ಲಿ ಕಾಣುತ್ತಾರೆ, ನಿಜ. ಆದರೆ ಬರೆದವರ ಮತ್ತು ಚಿತ್ರಿಸಿದವರ ಉತ್ಸಾಹವೆಲ್ಲ ಹರಿದಿರುವುದು ತಾಲೀಮಿನ ಕೋಣೆಗೆ. ಅದರ ಹೆಸರೇ ಡೇಂಜರ್ ರೂಮ್. ಅಲ್ಲಿ ಗೋಡೆಯಿಂದ ಈಟಿ ಬರುತ್ತದೆ, ನೆಲ ಬಾಯಿಬಿಡುತ್ತದೆ, ತಪ್ಪಿಸಿಕೊಳ್ಳುವುದೇ ಪರೀಕ್ಷೆ. 1964ರ ಏಳನೆಯ ಸಂಚಿಕೆಯ ಹೊತ್ತಿಗೆ ಐವರ ಓದೂ ಮುಗಿದು ಪ್ರಮಾಣಪತ್ರ ಸಿಗುತ್ತದೆ. ತಮಾಷೆಯೆಂದರೆ ಪ್ರಮಾಣಪತ್ರ ಪಡೆದ ಯಾರೂ ಶಾಲೆ ಬಿಟ್ಟು ಹೋಗುವುದಿಲ್ಲ. ಹೋಗುವುದಾದರೂ ಎಲ್ಲಿಗೆ? ಓದು ಮುಗಿದ ಮಗು ತನ್ನ ದಾರಿ ಹಿಡಿದು ಹೋದರೆ ಅದು ಶಾಲೆ. ಕಲಿಸಿದವನ ಕೆಲಸಕ್ಕೇ ನಿಂತರೆ ಅದಕ್ಕೆ ಬೇರೆ ಹೆಸರಿದೆ. ಇದು ಪಾಠಶಾಲೆಯೋ ಪಾಳೆಯವೋ ಎಂಬ ಸಂಶಯ ನನಗೆ ಹುಟ್ಟಿದ್ದು ಇಲ್ಲಿ. ಹತ್ತಾರು ವರ್ಷ ಹಲವಾರು ಕೈಗಳು ಬರೆದ ಈ ಕಥೆಗಳಲ್ಲಿ ಒಳ್ಳೆಯವೆಲ್ಲ ಇದೇ ಸಂಶಯವನ್ನು ಬಿಡದೆ ಕೆದಕಿದಂಥವು ಎಂಬುದು ನನ್ನ ಅನಿಸಿಕೆ.

ಈ ಮಕ್ಕಳ ಶಕ್ತಿ ಎಲ್ಲಿಂದ ಬಂತು? ಅದಕ್ಕೆ ಮುಂಚಿನ ಮಾರ್ವೆಲ್ ನಾಯಕರಿಗೆ ಅಪಘಾತದಿಂದಲೋ ವಿಕಿರಣದಿಂದಲೋ ಶಕ್ತಿ ಬರುತ್ತಿತ್ತು. ಪ್ರತಿಯೊಬ್ಬರಿಗೂ ಒಂದೊಂದು ಅಪಘಾತ ಹೊಸೆದು ಸಾಕಾಗಿ, ಹುಟ್ಟಿನಿಂದಲೇ ಬಂತು ಅಂದುಬಿಟ್ಟರೆ ಸುಲಭ ಎಂದುಕೊಂಡದ್ದಾಗಿ ಸ್ಟ್ಯಾನ್ ಲೀ ಆಮೇಲೆ ಹೇಳಿಕೊಂಡಿದ್ದಾರೆ. ಸೋಮಾರಿತನದ ಆ ಒಂದು ಉಪಾಯ ಕಥೆಗೆ ಅವರೇ ಎಣಿಸಿರದ ಆಳವನ್ನು ಕೊಟ್ಟಿತು. ಹುಟ್ಟಿನಿಂದ ಬಂದದ್ದು ಅಂದ ಕೂಡಲೇ ಅದು ತೆಗೆದಿಡಬಹುದಾದ ವೇಷವಲ್ಲ. ಅದಕ್ಕಾಗಿ ಯಾರಾದರೂ ಹೊಡೆದರೆ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ. ಹುಟ್ಟು ಎಂಬ ಮಾತಿನ ಭಾರ ಏನೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೊತೆಗೆ, ಹುಟ್ಟಿನಿಂದ ಬಂದ ಈ ಶಕ್ತಿ ಬಹುಮಟ್ಟಿಗೆ ಮೈನೆರೆಯುವ ವಯಸ್ಸಿನಲ್ಲಿ ಎಚ್ಚರವಾಗುತ್ತದೆ. ರೋಗ್ ಎಂಬ ಹುಡುಗಿ ಮೊದಲ ಬಾರಿ ಒಬ್ಬ ಹುಡುಗನಿಗೆ ಮುತ್ತು ಕೊಡುತ್ತಾಳೆ; ಅವನ ನೆನಪೆಲ್ಲ ಅವಳೊಳಗೆ ಹರಿದು ಅವನು ಕುಸಿಯುತ್ತಾನೆ. ಅಲ್ಲಿಂದ ಮುಂದೆ ಅವಳು ಯಾರನ್ನೂ ಬರಿಗೈಯಿಂದ ಮುಟ್ಟುವಂತಿಲ್ಲ. ಹದಿನಾಲ್ಕು ಹದಿನೈದರ ಮಕ್ಕಳ ಮುಖವನ್ನು ಮೂವತ್ತು ವರ್ಷ ನೋಡಿದವನಿಗೆ ಇದು ಕಟ್ಟುಕಥೆ ಅನ್ನಿಸುವುದಿಲ್ಲ. ನೆನ್ನೆಯವರೆಗೆ ತನ್ನದಾಗಿದ್ದ ಮೈ ಇವತ್ತು ತನ್ನ ಮಾತು ಕೇಳುತ್ತಿಲ್ಲ ಎಂಬ ದಿಗಿಲು ಆ ವಯಸ್ಸಿನವರಿಗೆಲ್ಲ ಇದ್ದದ್ದೇ.

ಆದರೆ ಮೊದಲ ಹಂತದಲ್ಲಿ ಈ ಆಳ ಯಾರಿಗೂ ಬೇಕಾಗಲಿಲ್ಲ. 1970ರಿಂದ 1975ರವರೆಗೆ ಹಳೆಯ ಕಥೆಗಳನ್ನೇ ಮರುಮುದ್ರಿಸುತ್ತ ಪತ್ರಿಕೆ ಹೇಗೋ ಉಸಿರಾಡಿತು. 1975ರಲ್ಲಿ ಲೆನ್ ವೀನ್ ಮತ್ತು ಡೇವ್ ಕಾಕ್ರಮ್ ಕೆನ್ಯಾ, ಜರ್ಮನಿ, ರಷ್ಯಾ, ಕೆನಡಾಗಳಿಂದ ಹೊಸಬರನ್ನು ತಂದರು. ಅದೇ ವರ್ಷ ಬರವಣಿಗೆ ಕೈಗೆತ್ತಿಕೊಂಡ ಕ್ರಿಸ್ ಕ್ಲೇರ್‌ಮಾಂಟ್ 1991ರವರೆಗೆ ಬಿಡಲಿಲ್ಲ. ಆತ 1982ರಲ್ಲಿ ಬಾಬ್ ಮೆಕ್ಲಾಡ್ ಜೊತೆ ‘ನ್ಯೂ ಮ್ಯುಟೆಂಟ್ಸ್’ ಎಂಬ ಇನ್ನೊಂದು ತಂಡವನ್ನು ಕಟ್ಟಿದರು. ಇವರು ನಿಜಕ್ಕೂ ಮಕ್ಕಳು. ಕೆಂಟಕಿಯ ಕಲ್ಲಿದ್ದಲ ಗಣಿಯಲ್ಲಿ ದುಡಿಯುತ್ತಿದ್ದ, ತಂದೆಯನ್ನು ಕಳೆದುಕೊಂಡ ಸ್ಯಾಮ್ ಗತ್ರಿ; ಕಟ್ಟುನಿಟ್ಟಿನ ಪಾದ್ರಿಯೊಬ್ಬನ ಕೈಕೆಳಗೆ ಬೆಳೆದ, ತೋಳವಾಗಿ ಮಾರ್ಪಡುವ ತನ್ನ ಮೈಯನ್ನೇ ಪಾಪವೆಂದು ನಂಬಿದ ಸ್ಕಾಟ್ಲೆಂಡಿನ ರೇನ್; ಎದುರಿನವರ ಎದೆಯ ಭಯವನ್ನು ಕಣ್ಣಿಗೆ ಕಾಣುವಂತೆ ಮಾಡುವ, ಅದಕ್ಕಾಗಿ ತಾನೇ ನಾಚುವ ಶಾಯನ್ ಬುಡಕಟ್ಟಿನ ಡ್ಯಾನಿ. ಇವರು ಓದಲು ಬಂದವರು, ಕಾದಾಡಲು ಅಲ್ಲ ಎಂದು ಪ್ರೊಫೆಸರ್ ಮೊದಲೇ ಹೇಳುತ್ತಾನೆ. ಪಾಪ, ಹೇಳಿದ್ದು ಪ್ರಾಮಾಣಿಕವಾಗಿಯೇ. ಆದರೆ ತಿಂಗಳು ತಿಂಗಳೂ ಮಾರಾಟವಾಗಬೇಕಾದ ಪತ್ರಿಕೆಗೆ ತಿಂಗಳು ತಿಂಗಳೂ ಒಂದು ಹೊಡೆದಾಟ ಬೇಕು. ಆದ್ದರಿಂದ ಮಾತು ಮುರಿಯುವವನು ಪ್ರೊಫೆಸರ್ ಒಬ್ಬನೇ ಅಲ್ಲ. ಈ ಪ್ರಕಾರವೇ ಅವನ ಕೈಯಿಂದ ಮುರಿಸುತ್ತದೆ.

ಇದಕ್ಕೆ ಕಿಟ್ಟಿ ಪ್ರೈಡ್‌ಳ ಪ್ರಸಂಗಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಗೋಡೆಯೊಳಗಿಂದ ನಡೆದು ಹೋಗಬಲ್ಲ ಈ ಯಹೂದಿ ಹುಡುಗಿ 1980ರಲ್ಲಿ ಕಥೆಗೆ ಬಂದಾಗ ಹದಿಮೂರು ದಾಟಿದ್ದಳಷ್ಟೆ. ನೇರವಾಗಿ ದೊಡ್ಡವರ ತಂಡಕ್ಕೇ ಸೇರಿದಳು. 1983ರಲ್ಲಿ ಪ್ರೊಫೆಸರ್ ಅವಳನ್ನು ಓರಗೆಯ ಮಕ್ಕಳ ತರಗತಿಗೆ ಹಾಕಲು ಹೊರಡುತ್ತಾನೆ. ಸಂಚಿಕೆಯ ಮೊದಲ ಪುಟದಲ್ಲೇ ಹುಡುಗಿ ಓದುಗರ ಕಡೆ ತಿರುಗಿ ಪ್ರೊಫೆಸರನನ್ನು ಬಯ್ಯುತ್ತಾಳೆ. ಓದುಗರೂ ಅವಳ ಪಕ್ಷವೇ. ಕೊನೆಗೆ ಮನೆಗೆ ನುಗ್ಗಿದ ಅನ್ಯಗ್ರಹದ ಪ್ರಾಣಿಗಳನ್ನು ಹೊಡೆದೋಡಿಸಿ ತನ್ನ ಜಾಗ ಉಳಿಸಿಕೊಳ್ಳುತ್ತಾಳೆ, ಪ್ರೊಫೆಸರ್ ಸೋಲುತ್ತಾನೆ. ನಾನೂ ನಗುತ್ತಲೇ ಓದಿದೆ. ಪುಸ್ತಕ ಮುಚ್ಚಿದ ಮೇಲೆ ಮಾತ್ರ ಕಸಿವಿಸಿಯಾಯಿತು. ಅಷ್ಟೂ ವರ್ಷಗಳಲ್ಲಿ ಅಪರೂಪಕ್ಕೆ ಒಂದು ಸಲ ಆ ಮನುಷ್ಯ ಮೇಷ್ಟ್ರಾಗಿ ನಡೆದುಕೊಂಡಿದ್ದ, ಚಿಕ್ಕ ಮಗು ಚಿಕ್ಕವರ ಜೊತೆ ಇರಲಿ ಅಂದಿದ್ದ. ಅದೇ ಅವನ ತಪ್ಪು ಎಂಬಂತೆ ಕಥೆ ತೀರ್ಪು ಕೊಟ್ಟಿತು. ಮಗುವಿಗೂ ಪಾಳೆಯವೇ ಬೇಕು, ಓದುಗರಿಗೂ ಅದೇ ಬೇಕು. ಶಾಲೆ ಯಾರಿಗೂ ಬೇಡ.

ಹಾಗಾದರೆ ಕಾಳಗಕ್ಕೆ ಉಪಯೋಗಕ್ಕೆ ಬಾರದ ಮಗುವನ್ನು ಈ ಶಾಲೆ ಏನು ಮಾಡಿತು? ನನ್ನ ಪ್ರಕಾರ ಇಡೀ ಕಥಾಮಾಲೆಯ ಪರೀಕ್ಷೆ ಇರುವುದು ಇಲ್ಲಿ. ಡಗ್ ರಾಮ್ಸೆ ಎಂಬ ಹುಡುಗ 1984ರಲ್ಲಿ ಬರುತ್ತಾನೆ. ಕಂಪ್ಯೂಟರಿನ ಹುಚ್ಚಿನ, ಕಿಟ್ಟಿಯ ಗೆಳೆಯ. ಅವನ ಶಕ್ತಿ ಏನು ಗೊತ್ತೆ? ಯಾವ ಭಾಷೆಯಾದರೂ ಅವನಿಗೆ ಅರ್ಥವಾಗುತ್ತದೆ. ಅಷ್ಟೇ. ಬೆಂಕಿಯಿಲ್ಲ, ರೆಕ್ಕೆಯಿಲ್ಲ. ಭಾಷೆಯನ್ನೇ ಬದುಕು ಮಾಡಿಕೊಂಡ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ವರ ಬೇರೆ ಯಾವುದಿದೆ ಅನ್ನಿಸೀತು. ಅದೇ ವರ್ಷದ ಒಂದು ಸಂಚಿಕೆಯಲ್ಲಿ ಆಕಾಶದಿಂದ ಒಂದು ವಿಚಿತ್ರ ಜೀವಿ ಶಾಲೆಯ ಮೇಲೆ ಬಂದು ಬೀಳುತ್ತದೆ. ಮೈಯೆಲ್ಲ ಯಂತ್ರ, ಅದರ ಹೆಸರು ವಾರ್‌ಲಾಕ್. ಮಕ್ಕಳು ತಾವು ಕಲಿತದ್ದನ್ನೇ ಮಾಡುತ್ತಾರೆ, ಅಂದರೆ ಹೊಡೆಯುತ್ತಾರೆ. ಹೊಡೆದಷ್ಟೂ ಅದು ಬೆದರುತ್ತದೆ, ಬೆದರಿದಷ್ಟೂ ಹಾವಳಿ ಹೆಚ್ಚುತ್ತದೆ. ಕೊನೆಗೆ ಡಗ್‌ನನ್ನು ರಾತ್ರೋರಾತ್ರಿ ಕರೆತರುತ್ತಾರೆ. ಅವನು ಅದರ ಜೊತೆ ಮಾತಾಡುತ್ತಾನೆ. ಅದು ತನ್ನನ್ನು ಕೊಲ್ಲಬಂದ ತಂದೆಯಿಂದ ತಪ್ಪಿಸಿಕೊಂಡು ಓಡಿಬಂದ ಮರಿ ಎಂದು ಗೊತ್ತಾಗುತ್ತದೆ. ಜಗಳ ಅಲ್ಲಿಗೆ ನಿಂತು ಆ ಮರಿ ಮಕ್ಕಳ ಗೆಳೆಯನಾಗುತ್ತದೆ. ಬಿಲ್ ಸಿಯೆಂಕೆವಿಚ್ ಎಂಬ ಕಲಾವಿದನ ಕುಂಚ ಆ ಜೀವಿಗೆ ಗೀಚಿದಂತಿರುವ, ಚಡಪಡಿಸುವ ಒಂದು ಆಕಾರ ಕೊಟ್ಟಿದೆ. ಅರ್ಥವಾಗದ ಭಾಷೆಯನ್ನು ಚಿತ್ರಿಸುವುದಾದರೆ ಹಾಗೆಯೇ ಚಿತ್ರಿಸಬೇಕು.

ಈ ಒಂದು ಸಂಚಿಕೆಯಿಂದ ಶಾಲೆ ಪಾಠ ಕಲಿಯಬಹುದಾಗಿತ್ತು. ಕಲಿಯಲಿಲ್ಲ. ಡಗ್‌ನಿಗೂ ಸಮವಸ್ತ್ರ ತೊಡಿಸಿ ಕಾಳಗಕ್ಕೆ ಎಳೆದೊಯ್ದರು. ಅಲ್ಲಿ ಅವನು ಎಲ್ಲರ ಹಿಂದೆ ನಿಲ್ಲುವ ಹುಡುಗ. ತಾನು ಯಾತಕ್ಕೂ ಬಾರದವನು ಎಂಬ ಕೊರಗು ಅವನನ್ನು ತಿನ್ನುತ್ತದೆ. 1988ರಲ್ಲಿ, ಲೂಯಿಸ್ ಸೈಮನ್‌ಸನ್ ಬರೆಯುತ್ತಿದ್ದ ಕಾಲದಲ್ಲಿ, ರೇನ್‌ಳಿಗೆ ತಗಲಬೇಕಾಗಿದ್ದ ಗುಂಡಿಗೆ ಅಡ್ಡ ನಿಂತು ಸತ್ತ. ಕಾಳಗದ ಗದ್ದಲದಲ್ಲಿ ಅವನು ಬಿದ್ದದ್ದು ಗೆಳೆಯರಿಗೆ ತಕ್ಷಣ ತಿಳಿಯಲೂ ಇಲ್ಲ.

ಡಗ್ ಶಾಲೆಯೊಳಗಿನ ಹುಡುಗ. ಇದಕ್ಕೆ ಎರಡು ವರ್ಷ ಮೊದಲು, 1986ರಲ್ಲಿ, ಕ್ಲೇರ್‌ಮಾಂಟ್ ಶಾಲೆಯ ಬೇಲಿಯಾಚೆಯ ಒಬ್ಬ ಹುಡುಗನ ಕಥೆ ಬರೆದಿದ್ದರು. ಆಗ ಪ್ರೊಫೆಸರ್ ಶಾಲೆಯಲ್ಲಿಲ್ಲ. ಅವನ ಜಾಗದಲ್ಲಿ ಮುಖ್ಯೋಪಾಧ್ಯಾಯನಾಗಿ ಕೂತವನು ಹಳೆಯ ವೈರಿ ಮ್ಯಾಗ್ನೀಟೊ. ಆಶ್‌ವಿಟ್ಸ್‌ನ ಸಾವಿನ ಶಿಬಿರದಿಂದ ಬದುಕಿ ಬಂದವನು ಎಂದು 1981ರಲ್ಲಿ ಓದುಗರಿಗೆ ತಿಳಿದುಬಂದವನು. ಊರಿನ ಶಾಲೆಯ ಮಕ್ಕಳ ಜೊತೆ ಒಂದು ನೃತ್ಯಕೂಟ. ಅಲ್ಲಿಗೆ ಲ್ಯಾರಿ ಬೋಡೀನ್ ಎಂಬ ಹುಡುಗ ಬರುತ್ತಾನೆ. ಬೆಳಕಿನಿಂದ ಗೊಂಬೆ ಮಾಡಬಲ್ಲವನು, ಅದನ್ನು ಎಲ್ಲರಿಂದ ಬಚ್ಚಿಟ್ಟವನು. ತನ್ನ ಗುಟ್ಟು ಮುಚ್ಚಿಕೊಳ್ಳಲು ಅವನು ತನ್ನಂಥವರ ಮೇಲೆಯೇ ನಗೆಚಾಟಿಕೆ ಹೊಡೆಯುತ್ತಾನೆ. ನಮ್ಮ ಶಾಲೆಯ ಮಕ್ಕಳು ಮುಖ ತಿರುಗಿಸುತ್ತಾರೆ. ಊರಿನ ತುಂಟರು, ನಿಜ ಗೊತ್ತಿಲ್ಲದೆಯೇ, ನಿನ್ನನ್ನು ಹಿಡಿಯುವವರಿಗೆ ಹೇಳಿದ್ದೇವೆ ಎಂದು ತಮಾಷೆಗೆ ಬೆದರಿಸುತ್ತಾರೆ. ಹುಡುಗ ಜೀವ ಕಳೆದುಕೊಳ್ಳುತ್ತಾನೆ. ಇಂಥ ಮಕ್ಕಳಿಗೆಂದೇ ಕಟ್ಟಿದ ಶಾಲೆ ಅವನ ಮನೆಗೆ ಕೂಗಳತೆಯಲ್ಲಿ ಇತ್ತು! ಶೋಕಸಭೆಯಲ್ಲಿ ಕಿಟ್ಟಿ ಎದ್ದು ನಿಂತು, ಮನುಷ್ಯರಿಗೆ ಅಂಟಿಸುವ ಹೆಸರುಗಳ ಬಗ್ಗೆ ಮಾತಾಡುತ್ತಾಳೆ. ಆ ಸಂಚಿಕೆಯಲ್ಲಿ ಸೋಲಿಸಬೇಕಾದ ಖಳನಿಲ್ಲ. ನನ್ನ ಲೆಕ್ಕದಲ್ಲಿ ಇಡೀ ಮಾಲೆಯ ಅತ್ಯುತ್ತಮ ಸಂಚಿಕೆ ಇದೇ.

ಇಲ್ಲಿ ನನ್ನದೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ನಾನಿದ್ದ ಶಾಲೆಗೆ ಒಬ್ಬ ಹುಡುಗ ಬಂದಿದ್ದ. ಬಾಯಿಲೆಕ್ಕದಲ್ಲಿ ಅವನಷ್ಟು ಚುರುಕಾದವನನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ನಾಲ್ಕಂಕಿಯ ಸಂಖ್ಯೆಗಳನ್ನು ಕಣ್ಣು ಮುಚ್ಚಿ ಗುಣಿಸಿ ಹೇಳುತ್ತಿದ್ದ. ನಾನು ಅವನನ್ನು ತಾಲೂಕಿಗೆ ಕರೆದೊಯ್ದೆ, ಜಿಲ್ಲೆಗೆ ಕರೆದೊಯ್ದೆ, ವಿಭಾಗ ಮಟ್ಟಕ್ಕೂ ಕರೆದೊಯ್ದೆ. ಹೋದಲ್ಲೆಲ್ಲ ಗೆದ್ದ. ಶೀಲ್ಡುಗಳು ಹೆಡ್‌ಮಾಸ್ತರರ ಕೋಣೆಯ ಗಾಜಿನ ಕಪಾಟಿಗೆ ಬಂದವು. ಸ್ಪರ್ಧೆಯಿಲ್ಲದ ದಿನ ಸಂಜೆ ಕೂರಿಸಿಕೊಂಡು ತಾಲೀಮು. ಅವನು ಇಂಗ್ಲಿಷಿನಲ್ಲಿ ಒಂದು ವಾಕ್ಯವನ್ನು ತಡವರಿಸದೆ ಓದಲಾರ ಎಂಬುದು ನನಗೆ ಗೊತ್ತಿತ್ತು. ಆಮೇಲೆ ನೋಡಿಕೊಂಡರಾಯಿತು ಅಂದುಕೊಂಡೆ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿನಲ್ಲಿ ನಪಾಸಾದ. ಇನ್ನೊಮ್ಮೆ ಕಟ್ಟಲಿಲ್ಲ. ಈಗ ಘಟ್ಟದ ಮೇಲಿನ ಒಂದು ಊರಿನ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಕಂಡಾಗ ‘ಸಾರ್, ಚಾ ಕುಡೀರಿ’ ಅನ್ನುತ್ತಾನೆ, ಕುರ್ಚಿ ಒರೆಸಿ ಕೂರಿಸುತ್ತಾನೆ. ಅವನ ಬದುಕು ಹಾಳಾಯಿತು ಎಂದು ನಾನು ಹೇಳುತ್ತಿಲ್ಲ; ಮರ್ಯಾದೆಯಿಂದ ದುಡಿದು ಮಕ್ಕಳನ್ನು ಓದಿಸಿದ್ದಾನೆ. ಆದರೆ ಆ ಮೂರು ವರ್ಷ ನಾನು ಅವನಿಗೆ ಕಲಿಸಿದೆನೋ, ಅವನಿಂದ ಕೆಲಸ ತೆಗೆದುಕೊಂಡೆನೋ? ನಮಗೂ ವರ್ಷಕ್ಕೊಂದು ಶೀಲ್ಡು ಬೇಕಿತ್ತು. ಪ್ರೊಫೆಸರ್ ಝೇವಿಯರ್‌ನನ್ನು ಬಯ್ಯಲು ಹೊರಟಾಗಲೆಲ್ಲ ನನಗೆ ಆ ಗಾಜಿನ ಕಪಾಟು ನೆನಪಾಗುತ್ತದೆ.

ಈ ಕಥೆಗಳ ಬಗ್ಗೆ ಒಂದು ಗಂಭೀರ ಆಕ್ಷೇಪವೂ ಇದೆ. ಇವನ್ನು ತುಳಿತಕ್ಕೊಳಗಾದವರ ರೂಪಕವಾಗಿ ಓದುವುದು ವಾಡಿಕೆ. ಪ್ರೊಫೆಸರ್ ಅಂದರೆ ಮಾರ್ಟಿನ್ ಲೂಥರ್ ಕಿಂಗ್, ಮ್ಯಾಗ್ನೀಟೊ ಅಂದರೆ ಮಾಲ್ಕಮ್ ಎಕ್ಸ್ ಎಂದು ಹೋಲಿಸುವವರೂ ಇದ್ದಾರೆ. 1963ರ ಐವರೂ ಬಿಳಿಯರು ಎಂಬುದನ್ನು ಈ ಹೋಲಿಕೆ ಮರೆಯುತ್ತದೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಕರಿಯ ಮಗುವನ್ನು ಕಂಡು ಹೆದರುವವನ ಹೆದರಿಕೆಗೆ ಬುಡವೇ ಇಲ್ಲ. ಆದರೆ ಸ್ಕಾಟ್‌ನ ಕನ್ನಡಕ ಜಾರಿದರೆ ಗೋಡೆ ನಿಜವಾಗಿಯೂ ಬೀಳುತ್ತದೆ. ದ್ವೇಷಿಸುವವನಿಗೆ ಕಥೆ ತಾನಾಗಿ ಒಂದು ಕಾರಣ ಒದಗಿಸಿಕೊಡುತ್ತದೆ. ಇದನ್ನು ಒಪ್ಪಿಯೂ ನಾನು ಹೇಳುವುದಿಷ್ಟು: ಜನಾಂಗದ ರೂಪಕವಾಗಿ ಕುಂಟುವ ಈ ಕಥೆ ಶಾಲೆಯ ಕಥೆಯಾಗಿ ನೆಟ್ಟಗೆ ನಿಲ್ಲುತ್ತದೆ. ಮಗುವಿನಲ್ಲಿ ನಿಜಕ್ಕೂ ಏನೋ ಇದೆ, ಅದು ಅಪಾಯವೂ ಆಗಬಹುದು, ಬಳಸಿಕೊಳ್ಳುವ ಆಸೆಯನ್ನೂ ಹುಟ್ಟಿಸಬಹುದು. ಅದನ್ನು ಏನು ಮಾಡಬೇಕು ಎಂಬ ಪ್ರಶ್ನೆ ಎಲ್ಲ ಮೇಷ್ಟ್ರುಗಳದು.

ಮುಂದಿನ ತಲೆಮಾರಿನ ಲೇಖಕರು ಈ ಪ್ರಶ್ನೆಯನ್ನು ಮರೆಮಾಚದೆ ಎತ್ತಿಕೊಂಡರು ಎನ್ನುವುದು ಸಮಾಧಾನದ ಸಂಗತಿ. 2005-06ರಲ್ಲಿ ಎಡ್ ಬ್ರೂಬೇಕರ್ ಬರೆದ ಕಥೆಯಲ್ಲಿ ಪ್ರೊಫೆಸರನ ಹಳೆಯ ಗುಟ್ಟು ಹೊರಬೀಳುತ್ತದೆ. ಹಿಂದೊಮ್ಮೆ ಅರೆಬರೆ ತಾಲೀಮಿನ ಮಕ್ಕಳ ತಂಡವೊಂದನ್ನು ಸಾವಿನ ಬಾಯಿಗೆ ಕಳಿಸಿ, ಅವರಲ್ಲಿ ಸ್ಕಾಟ್‌ನ ತಮ್ಮನೇ ಇದ್ದನೆಂಬ ನೆನಪನ್ನು ಸ್ಕಾಟ್‌ನ ತಲೆಯಿಂದ ಅಳಿಸಿಹಾಕಿದ್ದ. 2006ರ ಇನ್ನೊಂದು ಕಥೆಯಲ್ಲಿ, ಶಕ್ತಿ ಕಳೆದುಕೊಂಡು ಸಾಧಾರಣರಾದ ಮಕ್ಕಳನ್ನು ಬಸ್ಸಿಗೆ ಹತ್ತಿಸಿ ಮನೆಗೆ ಕಳಿಸುತ್ತಾರೆ. ದ್ವೇಷಿಗಳು ಆ ಬಸ್ಸನ್ನು ಸ್ಫೋಟಿಸುತ್ತಾರೆ. ಕೊಂದವರು ಹೊರಗಿನವರು, ನಿಜ. ಆದರೆ ಶಕ್ತಿ ಹೋದ ಕೂಡಲೇ ಮಗುವಿಗೆ ಶಾಲೆಯಲ್ಲಿ ಜಾಗವಿಲ್ಲ ಎಂದು ತೀರ್ಮಾನಿಸಿದವರು ಯಾರು? 2011ರಲ್ಲಿ ಜೇಸನ್ ಆರನ್ ಅಂತೂ ಇಡೀ ಬಳಗವನ್ನೇ ಈ ಪ್ರಶ್ನೆಯ ಮೇಲೆ ಒಡೆದರು. ನೈಜೀರಿಯಾದ ಇಡೀ ಎಂಬ ಹದಿನಾಲ್ಕರ ಹುಡುಗಿ ಇತರರನ್ನು ಉಳಿಸಲು ಕೊಲ್ಲಬೇಕಾಗುತ್ತದೆ. ಈಗ ನಾಯಕನಾಗಿರುವ ಸ್ಕಾಟ್ ತಡೆಯುವುದಿಲ್ಲ. ಕೊಲ್ಲುವುದರಲ್ಲಿ ಪಳಗಿದ ವುಲ್ವರೀನ್‌ಗೆ ಅದು ಸಹಿಸದು. ಮಕ್ಕಳನ್ನು ಕಟ್ಟಿಕೊಂಡು ಹಳೆಯ ಜಾಗಕ್ಕೆ ಬಂದು ಶಾಲೆಯನ್ನು ಹೊಸದಾಗಿ ತೆರೆಯುತ್ತಾನೆ. ಮೊದಲ ದಿನವೇ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಷನ್! ಅವರನ್ನು ಎದುರುಗೊಳ್ಳಲು ಚಡಪಡಿಸುತ್ತ ನಿಂತ ಮುಖ್ಯೋಪಾಧ್ಯಾಯಿನಿ ಯಾರೆಂದರೆ, ಒಂದು ಕಾಲಕ್ಕೆ ಚಿಕ್ಕವರ ತರಗತಿಗೆ ಹೋಗಲಾರೆ ಎಂದು ಹಟ ಹಿಡಿದಿದ್ದ ಅದೇ ಕಿಟ್ಟಿ. ಅಲ್ಲಿಯೂ ಅದೇ ದಿನ ಹೊಡೆದಾಟ ನುಗ್ಗದೆ ಬಿಡುವುದಿಲ್ಲ. ಆದರೂ ಪುಟದ ಮೇಲೆ ಮಕ್ಕಳು ತುಂಬಿದ ಕಾರಿಡಾರು, ತರಗತಿ, ಗದ್ದಲ ಕಾಣುತ್ತವೆ.

ಡಗ್ ರಾಮ್ಸೆಗೂ ತಡವಾಗಿ ನ್ಯಾಯ ಸಿಕ್ಕಿತು. ಈ ಲೋಕದಲ್ಲಿ ಸತ್ತವರು ಎದ್ದು ಬರುವುದು ಹೊಸತಲ್ಲ, ಅವನೂ ಬಂದ. 2019ರಲ್ಲಿ ಜೊನಾಥನ್ ಹಿಕ್‌ಮನ್ ಬರೆದ ಕಥೆಯಲ್ಲಿ ಈ ಜನರೆಲ್ಲ ಕ್ರಾಕೋವಾ ಎಂಬ ಜೀವಂತ ದ್ವೀಪದಲ್ಲಿ ನೆಲೆಸುತ್ತಾರೆ. ಆ ದ್ವೀಪದ ಜೊತೆ ಮಾತಾಡಿ ಅವರಿಗೆ ನೆಲೆ ಒದಗಿಸಿದವನು, ಅವರಿಗೆಂದೇ ಒಂದು ಭಾಷೆ ಕಟ್ಟಿಕೊಟ್ಟವನು ಡಗ್. ಯಾತಕ್ಕೂ ಬಾರದ ಹುಡುಗನ ಬೆಲೆ ತಿಳಿಯಲು ಇವರಿಗೆ ಮೂವತ್ತೈದು ವರ್ಷ ಹಿಡಿಯಿತು. ಇನ್ನು ವೆಸ್ಟ್‌ಚೆಸ್ಟರಿನ ಆ ಬಂಗಲೆಯನ್ನು 2024ರ ಕಥೆಗಳು ಸೆರೆಮನೆಯನ್ನಾಗಿ ಮಾಡಿದವು. ಒಂದೇ ಕಟ್ಟಡ ಶಾಲೆಯೂ ಪಾಳೆಯವೂ ಸೆರೆಮನೆಯೂ ಆಗಬಲ್ಲದು, ಗೋಡೆಗಳನ್ನು ಬದಲಿಸಬೇಕಾಗುವುದಿಲ್ಲ.

ಮೊನ್ನೆ ಸೋದರಳಿಯ ಫೋನಿನಲ್ಲಿ ಪೆಟ್ಟಿಗೆಗಳನ್ನು ಕೇಳಿದ. ಗೆದ್ದಲು ಹತ್ತಿಲ್ಲ ಅಂದೆ. ಹಾಗೆ ಹೇಳುವಾಗ ಶಾಲೆಯ ಬೀರು ನೆನಪಾಯಿತು. ನಿವೃತ್ತಿಯ ದಿನ ಅದರ ಬೀಗದಕೈಯನ್ನು ಗುಮಾಸ್ತರಿಗೆ ಒಪ್ಪಿಸಿ, ಸಹಿ ಮಾಡಿ ಬಂದಿದ್ದೆ. ಹುಡುಗರಿಂದ ಕಿತ್ತುಕೊಂಡ ಪುಸ್ತಕಗಳು ಅದರ ಕೆಳಗಿನ ಅರೆಯಲ್ಲೇ ಇದ್ದವು.